ಒಂದೇ ಗಾಡಿಗೆ ಇಬ್ಬರು ಸಾರಥಿಗಳು

ದಸರೆ ರಜೆಗೆಂದು ಅಣ್ಣನ ಮಗಳು ದಾವಣಗೆರೆಯಿಂದ ಮೈಸೂರಿಗೆ ಬಂದಿಳಿದಾಗ ಅವಳ ಚೀಲದಲ್ಲಿ ಬಟ್ಟೆಗಿಂತ ಮಂಡಕ್ಕಿಯೇ ಹೆಚ್ಚಿತ್ತು. ಅದರಡಿಯಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಗಂಟು. “ಅಪ್ಪ ಕೊಟ್ಟಿದ್ದು ಅತ್ತೆ. ನಿಮ್ಮ ಕೈಗೇ ಕೊಡ್ಬೇಕು ಅಂದ್ರು” ಎಂದು ಅದನ್ನು ನನ್ನ ಮಡಿಲಿಗೆ ಹಾಕಿ ತಾನು ನನ್ನ ಮಗನನ್ನು ಹುಡುಕಿಕೊಂಡು ಮಹಡಿಗೆ ಓಡಿದಳು.

ಬಿಚ್ಚಿದರೆ ಪಿಎಸ್2, ಅಂದರೆ ಪ್ಲೇಸ್ಟೇಷನ್ 2 ಎಂಬ ಆಟದ ಪೆಟ್ಟಿಗೆಯ ಎರಡು ಕಂಟ್ರೋಲರುಗಳು. ನಮ್ಮ ಮನೆಯಲ್ಲಿ ಅವುಗಳನ್ನು ಯಾರೂ ಕಂಟ್ರೋಲರ್ ಎಂದು ಕರೆದದ್ದಿಲ್ಲ. ಟಿವಿಯದೂ ರಿಮೋಟು, ಇದೂ ರಿಮೋಟು. ಒಂದು ಅಣ್ಣನದು, ಅದರ ಎಡಗೋಲಿನ ರಬ್ಬರು ಅವನ ಹೆಬ್ಬೆರಳಿಗೆ ಸವೆದು ನುಣುಪಾಗಿತ್ತು. ಇನ್ನೊಂದು ನನ್ನದು. ಅದರ ಬೆನ್ನ ಮೇಲೆ ನಾನು ಹಾಕಿದ ಉಗುರುಬಣ್ಣದ ಕೆಂಪು ಬೊಟ್ಟು ಹಾಗೆಯೇ ಇತ್ತು. ಅಣ್ಣ ತನ್ನದು ಯಾವುದು, ನನ್ನದು ಯಾವುದು ಎಂದು ಮರೆತಂತೆ ಮಾಡಿ ಹೊಸದನ್ನು ಎತ್ತಿಕೊಳ್ಳುತ್ತಿದ್ದ ಕಾಲದಲ್ಲಿ ಇಟ್ಟ ಬೊಟ್ಟು ಅದು. ಆಟದ ಪೆಟ್ಟಿಗೆ ಯಾವುದೋ ಮಳೆಗಾಲದ ಸೋರಿಕೆಯಲ್ಲಿ ನೀರು ಕುಡಿದು ಹೋಗಿತ್ತು. ರಿಮೋಟುಗಳು ಮಾತ್ರ ಬೇರೆ ಕಪಾಟಿನಲ್ಲಿದ್ದು ಬದುಕಿದ್ದವು. ಪೆಟ್ಟಿಗೆಯಿಲ್ಲದ ರಿಮೋಟನ್ನು ಏನು ಮಾಡುವುದು? ಅಣ್ಣ ಅದನ್ನು ಎಸೆಯಲಾರ. ಎಸೆಯಲಾರದ್ದನ್ನೆಲ್ಲ ತಂಗಿಯ ಮನೆಗೆ ಕಳಿಸುವುದು ಅವನ ಪದ್ಧತಿ.

ಎಸೆಯಲಾರದ ಗುಣ ನನಗೂ ಇದೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಶಾಲೆಯ ಹಳೆಯ ಕಂಪ್ಯೂಟರುಗಳಿಗೆ ಜೀವ ಕೊಡಲೆಂದು ಕಲಿತ ಲಿನಕ್ಸ್ ಮನೆಗೂ ಬಂದಿದೆ. ಹಾಲ್‌ನಲ್ಲಿರುವ ನಮ್ಮ ಡೆಸ್ಕ್‌ಟಾಪಿಗೆ ಎಷ್ಟೋ ವರ್ಷವಾಯಿತು. ಲಿನಕ್ಸ್ ಹಾಕಿದ ಮೇಲೆ ಅದು ಇನ್ನೂ ದಣಿದಿಲ್ಲ. ಅದರಲ್ಲಿ ಸೂಪರ್‌ಟಕ್ಸ್‌ಕಾರ್ಟ್ ಎಂಬ ಗಾಡಿ ಓಡಿಸುವ ಆಟವಿದೆ. ಲಿನಕ್ಸಿನ ಪೆಂಗ್ವಿನ್ ಟಕ್ಸ್ ಅದರ ನಾಯಕ. ಪರದೆಯನ್ನು ಎರಡು ಭಾಗ ಮಾಡಿ ಇಬ್ಬರು ಒಟ್ಟಿಗೆ ಆಡಬಹುದು. ಕೀಬೋರ್ಡಿನ ಮೇಲೆ ನಾಲ್ಕು ಕೈ ಗುದ್ದಾಡುವುದಕ್ಕಿಂತ ಇಬ್ಬರಿಗೂ ಒಂದೊಂದು ರಿಮೋಟು ಕೊಟ್ಟರೆ ರಜೆ ಚೆನ್ನಾಗಿ ಕಳೆದೀತು ಎನ್ನಿಸಿತು. ಬೆಂಗಳೂರಿಗೆ ಹೊರಟಿದ್ದ ನೆಂಟರೊಬ್ಬರಿಗೆ ಹೇಳಿ ಎಸ್.ಪಿ. ರಸ್ತೆಯ ಅಂಗಡಿಯಿಂದ ಒಂದು ಅಡಾಪ್ಟರ್ ತರಿಸಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಒಂದು ಕಡೆ ಪಿಎಸ್2 ರಿಮೋಟು ಚುಚ್ಚುವ ಎರಡು ಬಾಯಿ, ಇನ್ನೊಂದು ಕಡೆ ಯುಎಸ್‌ಬಿ ಬಾಲ. ಮೈಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ.

ಈ ಪುಟ್ಟ ಡಬ್ಬಿ ನಿಜವಾಗಿ ಒಬ್ಬ ದುಭಾಷಿ. ಪಿಎಸ್2 ರಿಮೋಟು 2000ದಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಯಂತ್ರದ್ದು. ಅದರ ಮಾತಿನ ರೀತಿ ಅದಕ್ಕಿಂತಲೂ ಹಳೆಯದು, ಮೊದಲ ಪ್ಲೇಸ್ಟೇಷನ್ ಕಾಲದ್ದು. ಪೆಟ್ಟಿಗೆ ಕೇಳಿದಾಗ ಮಾತ್ರ ಅದು ಉತ್ತರಿಸುತ್ತದೆ. ಮೊದಲು ತಾನು ಯಾವ ಬಗೆಯದೆಂದು ಹೇಳುತ್ತದೆ: ಬರೀ ಗುಂಡಿಗಳ ಸ್ಥಿತಿಯಲ್ಲಿದ್ದರೆ ಹದಿನಾರರ ಲೆಕ್ಕದ 41, ಕೋಲುಗಳೂ ಜೀವಂತವಾಗಿದ್ದರೆ 73. ಆಮೇಲೆ ಗುಂಡಿಗಳ ಸರದಿ. ಒತ್ತದ ಗುಂಡಿಗೆ ಒಂದು, ಒತ್ತಿದ ಗುಂಡಿಗೆ ಸೊನ್ನೆ. ಕಂಪ್ಯೂಟರಿಗೆ ಈ ಭಾಷೆ ಬಾರದು. ಅದು ಮೌಸ್, ಕೀಬೋರ್ಡ್, ಆಟದ ಕೋಲುಗಳೊಂದಿಗೆ ಎಚ್‌ಐಡಿ ಎಂಬ ಬೇರೆ ಭಾಷೆಯಲ್ಲಿ ವ್ಯವಹರಿಸುತ್ತದೆ. ಅಲ್ಲಿ ಸಾಧನವು ಬರುತ್ತಲೇ ತನ್ನ ಜಾತಕವನ್ನು ಒಪ್ಪಿಸಬೇಕು: ನನ್ನಲ್ಲಿ ಇಷ್ಟು ಗುಂಡಿ, ಇಷ್ಟು ಅಕ್ಷ, ಒಂದೊಂದು ಅಕ್ಷವೂ 0ಯಿಂದ 255ರವರೆಗೆ. ಡಬ್ಬಿಯೊಳಗಿನ ಚಿಪ್ ಒಂದು ಕಿವಿಯಿಂದ ಹಳೆಯ ಮಾತು ಕೇಳಿ ಇನ್ನೊಂದು ಬಾಯಿಂದ ಹೊಸ ಮಾತು ಆಡುತ್ತದೆ. ಯಾವುದೇ ದುಭಾಷಿಯ ಹಾಗೆ ಇದೂ ಆಗೊಮ್ಮೆ ಈಗೊಮ್ಮೆ ಯಾರು ಆಡಿದ ಮಾತು ಎಂಬುದನ್ನು ಕಲಸಿಬಿಡಬಹುದು.

ಚುಚ್ಚಿದ ಕೂಡಲೇ ಮಕ್ಕಳು ಕುಣಿದರು. ಕೋಲು ಮಾತ್ರ ಅಲ್ಲಾಡಿಸಿದರೂ ಏನೂ ಆಗಲಿಲ್ಲ. ಅದು ಸುಲಭದ್ದು. ರಿಮೋಟಿನ ನಡುವೆ ‘ಅನಲಾಗ್’ ಎಂಬ ಗುಂಡಿಯಿದೆ. ಒತ್ತಿದರೆ ಕೆಂಪು ದೀಪ ಹತ್ತಿ ಕೋಲುಗಳು ಏಳುತ್ತವೆ. ಎರಡೂ ದೀಪ ಹತ್ತಿದವು. ಆಟ ತೆರೆದೆವು. ಸೂಪರ್‌ಟಕ್ಸ್‌ಕಾರ್ಟಿನಲ್ಲಿ ಇಬ್ಬರು ಆಡಬೇಕಾದರೆ ಒಬ್ಬೊಬ್ಬರೂ ತಮ್ಮ ತಮ್ಮ ರಿಮೋಟಿನ ಗುಂಡಿ ಒತ್ತಿ ಪಂದ್ಯಕ್ಕೆ ಸೇರಬೇಕು. ಮಗ ಒತ್ತಿದ, ಅವನಿಗೊಂದು ಗಾಡಿ ಬಂತು. ಸೊಸೆ ಒತ್ತಿದಳು, ಅವಳಿಗೆ ಏನೂ ಬರಲಿಲ್ಲ. ಅವಳು ಕೋಲು ಎಳೆದಳು. ಅವನ ಗಾಡಿ ಎಡಕ್ಕೆ ಹೋಯಿತು.

“ಅಮ್ಮಾ, ನನ್ನ ಗಾಡಿ ಇವಳು ಓಡಿಸ್ತಿದಾಳೆ!”

“ನಾನೆಲ್ಲಿ ಓಡಿಸ್ದೆ? ಅತ್ತೆ, ನನಗೆ ಗಾಡಿನೇ ಕೊಟ್ಟಿಲ್ಲ ನೋಡಿ.”

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ವಿಚಿತ್ರವೆಂದರೆ ಅವಳು ಕೈಕಟ್ಟಿ ಕೂತಾಗಲೂ ಅವನ ಗಾಡಿ ನೆಟ್ಟಗೆ ತಿರುಗುತ್ತಿರಲಿಲ್ಲ. ತಿರುವಿನಲ್ಲಿ ಚಳಿ ಹಿಡಿದವರಂತೆ ನಡುಗುತ್ತಿತ್ತು. ಎರಡು ಸುತ್ತಿನ ನಂತರ ಚಿಕ್ಕವಳ ಕಣ್ಣು ತುಂಬಿಬಂತು. “ನಾನು ನೋಡ್ತೀನಿ ಬಿಡಿ, ಇನ್ನೊಂದು ರಿಮೋಟು ಆಮೇಲೆ” ಎಂದು ಪಕ್ಕಕ್ಕೆ ಸರಿದಳು. ಎಂಟು ವರ್ಷದ ಹುಡುಗಿ ಹಾಗೆ ಪಕ್ಕಕ್ಕೆ ಸರಿದದ್ದು ನನ್ನನ್ನು ತಟ್ಟಿತು. ನನ್ನ ಉಗುರುಬಣ್ಣದ ಬೊಟ್ಟಿರುವ ರಿಮೋಟು ಅವಳ ಮಡಿಲಲ್ಲಿತ್ತು. ರಾತ್ರಿ ಮಕ್ಕಳು ಮಲಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂತೆ.

ಲಿನಕ್ಸಿನಲ್ಲಿ ನನಗೆ ತುಂಬ ಇಷ್ಟವಾಗುವ ಗುಣವೆಂದರೆ, ಕೇಳಿದರೆ ಅದು ಹೇಳುತ್ತದೆ. ‘ಎಲ್‌ಎಸ್‌ಯುಎಸ್‌ಬಿ’ ಎಂದು ಬರೆದರೆ ಬಾಲ ಚುಚ್ಚಿಕೊಂಡ ಸಾಧನಗಳೆಲ್ಲವೂ ಸಾಲಾಗಿ ನಿಂತು ತಮ್ಮ ಎರಡು ಅಂಕಿಗಳನ್ನು ಹೇಳುತ್ತವೆ: ಮೊದಲನೆಯದು ತಯಾರಕರದು, ಎರಡನೆಯದು ಆ ಸಾಮಾನಿನದು. ಮನೆತನದ ಹೆಸರು ಮತ್ತು ಮಗುವಿನ ಹೆಸರು ಇದ್ದಂತೆ. ‘ಡಿಮೆಸ್ಸೇಜ್’ ಕೇಳಿದರೆ ಲಿನಕ್ಸಿನ ತಿರುಳಾದ ಕರ್ನೆಲ್ ಆ ಸಾಧನವನ್ನು ಯಾವಾಗ ಕಂಡಿತು, ಏನೆಂದು ಬಗೆಯಿತು ಎಂಬ ದಿನಚರಿ ಸಿಗುತ್ತದೆ. ‘ಜೆಎಸ್‌ಟೆಸ್ಟ್’ ಹಾಕಿದರೆ ಒಂದೊಂದು ಗುಂಡಿ, ಒಂದೊಂದು ಅಕ್ಷ ಪರದೆಯ ಮೇಲೆ ಅಂಕಿಯಾಗಿ ಮಿಡಿಯುತ್ತದೆ. ಕೋಲನ್ನು ಪೂರ್ತಿ ಎಡಕ್ಕೆ ಎಳೆದರೆ ಮೈನಸ್ 32767, ಪೂರ್ತಿ ಬಲಕ್ಕೆ 32767. ಈ ಜಾಯ್‌ಸ್ಟಿಕ್ ವ್ಯವಸ್ಥೆಯ ಬುನಾದಿಯ ಕೆಲಸ ಮಾಡಿದವರು ಚೆಕ್ ದೇಶದ ವೊಯ್ಟೆಕ್ ಪಾವ್ಲಿಕ್, ತೊಂಬತ್ತರ ದಶಕದ ಕೊನೆಯ ಭಾಗದಲ್ಲಿ. ಅವರು ಕಟ್ಟಿದ ಕಿಂಡಿಯ ಮೂಲಕವೇ ಆ ರಾತ್ರಿ ನನ್ನ ಹಾಲ್‌ನಲ್ಲಿ ನನ್ನ ಹಳೆಯ ರಿಮೋಟಿನ ನಾಡಿ ಹಿಡಿದು ನೋಡಿದೆ.

ನೋಡಿದ ಕೂಡಲೇ ರೋಗ ತಿಳಿಯಿತು. ಕರ್ನೆಲ್ಲಿಗೆ ಕಂಡದ್ದು ಎರಡು ರಿಮೋಟಲ್ಲ, ಒಂದೇ. ಆ ಒಂದಕ್ಕೆ 24 ಗುಂಡಿ! ಒಂದು ರಿಮೋಟಿನಲ್ಲಿರುವುದು 12: ಮುಂದೆ ನಾಲ್ಕು, ತಲೆಯ ಮೇಲೆ ನಾಲ್ಕು, ನಡುವೆ ಎರಡು, ಕೋಲುಗಳನ್ನೇ ಒತ್ತಿದರೆ ಎರಡು. ಅಣ್ಣನ ಹನ್ನೆರಡಕ್ಕೆ ನನ್ನ ಹನ್ನೆರಡು ಅಂಟಿಕೊಂಡು ಒಂದೇ ದೇಹವಾಗಿತ್ತು. ಗುಂಡಿಗಳಿಗಾದರೂ ಬೇರೆ ಬೇರೆ ಸಂಖ್ಯೆ ಸಿಕ್ಕಿತ್ತು, ಕೋಲುಗಳಿಗೆ ಅದೂ ಇಲ್ಲ. ಇಬ್ಬರ ಎಡಗೋಲೂ ಒಂದೇ ಅಕ್ಷಕ್ಕೆ ಬರೆಯುತ್ತಿತ್ತು. ಗಾಡಿ ನಡುಗುತ್ತಿದ್ದದ್ದು ಅದಕ್ಕೇ: ಮಗ ಎಡಕ್ಕೆ ಎಳೆದು ‘ಎಡಕ್ಕೆ’ ಎನ್ನುತ್ತಿದ್ದರೆ, ಸುಮ್ಮನೆ ಬಿದ್ದಿದ್ದ ಸೊಸೆಯ ರಿಮೋಟು ‘ನಡುವೆ, ನಡುವೆ’ ಎನ್ನುತ್ತಿತ್ತು. ಆಟಕ್ಕೆ ಇದು ಒಬ್ಬನೇ ಮನುಷ್ಯ ಕ್ಷಣಕ್ಕೊಂದು ಮಾತಾಡಿದಂತೆ. ಸುಮ್ಮನಿರುವ ಕೈಯೂ ಒಂದು ಮಾತಾಡುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಕಾರಣ ಡಬ್ಬಿಯ ಜಾತಕದಲ್ಲಿತ್ತು. ಇಂಥ ಅಡಾಪ್ಟರುಗಳು ಯುಎಸ್‌ಬಿಯ ನಿಧಾನದ ದಾರಿಯಲ್ಲಿ, ಸೆಕೆಂಡಿಗೆ ಹದಿನೈದು ಲಕ್ಷ ಬಿಟ್‌ನ ವೇಗದಲ್ಲಿ ನಡೆಯುತ್ತವೆ. ಆ ದಾರಿಯಲ್ಲಿ ಒಂದು ಕಂತಿಗೆ 8 ಬೈಟಿಗಿಂತ ಹೆಚ್ಚು ಹಿಡಿಸುವುದಿಲ್ಲ. ಹಾಗಾಗಿ ಎರಡು ರಿಮೋಟಿನ ಸುದ್ದಿ ಎರಡು ಪತ್ರಗಳಲ್ಲಿ ಬರುತ್ತದೆ. ಒಂದರ ಮೇಲೆ 1 ಎಂಬ ಗುರುತು, ಇನ್ನೊಂದರ ಮೇಲೆ 2. ಗುರುತು ಇತ್ತು, ಓದಿದವರು ಅದನ್ನು ಎರಡು ವಿಳಾಸವೆಂದು ಎಣಿಸಲಿಲ್ಲ, ಅಷ್ಟೆ. ಒಂದೇ ಬಾಲದಿಂದ, ಒಂದೇ ಬಗೆಯ ಸಾಧನವೆಂದು ಹೇಳಿಕೊಂಡು ಬಂದದ್ದರಿಂದ ಕರ್ನೆಲ್ ಎರಡನ್ನೂ ಒಂದೇ ಮನೆಯೊಳಗೆ ಬಿಟ್ಟಿತ್ತು.

ಹಾಜರಿ ಕರೆಯುವವಳಿಗೆ ಇದು ಗೊತ್ತಿರುವ ಸಂಕಟ. ಒಂದು ವರ್ಷ ನನ್ನ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗಿಯರಿದ್ದರು. ಹೆಸರು ಕರೆದರೆ ಇಬ್ಬರೂ ಏಳುತ್ತಿದ್ದರು. ಗಟ್ಟಿ ದನಿಯವಳು ಮೊದಲು ‘ಹಾಜರ್’ ಎನ್ನುತ್ತಿದ್ದಳು, ಮೆಲುದನಿಯವಳು ಹಾಗೇ ಕೂರುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಇನಿಷಿಯಲ್ ಸೇರಿಸಿ ಬರೆದ ದಿನ ಮೆಲುದನಿಯವಳ ಮುಖ ನೋಡಬೇಕಿತ್ತು. ಒಂದಕ್ಷರ ಸೇರಿಸಿದ್ದು, ಅಷ್ಟೇ.

ಲಿನಕ್ಸಿನಲ್ಲೂ ಅಂಥ ಒಂದಕ್ಷರ ಇದೆ. ಕರ್ನೆಲ್ಲಿನ ಒಳಗೆ ‘ಕ್ವರ್ಕ್’ ಎಂದು ಕರೆಯುವ ಒಂದು ಪಟ್ಟಿಯುಂಟು. ಯಾವ ಯಾವ ಸಾಧನಕ್ಕೆ ಯಾವ ಯಾವ ಸ್ವಭಾವ, ಅದರೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬ ಪಟ್ಟಿ. ಮನೆಗೆ ಬಂದ ನೆಂಟರಲ್ಲಿ ಒಬ್ಬರಿಗೆ ಬದನೆ ಆಗದು, ಇನ್ನೊಬ್ಬರಿಗೆ ಸಕ್ಕರೆ ಹಾಕಬಾರದು ಎಂದು ಅಜ್ಜಿ ನೆನಪಿಟ್ಟುಕೊಳ್ಳುತ್ತಿದ್ದ ಹಾಗೆ. ಒಂದಕ್ಕೆ ಹೀಗೆ ಪ್ರಶ್ನೆ ಕೇಳಬೇಡ, ಇನ್ನೊಂದನ್ನು ಮುಟ್ಟಲೇ ಬೇಡ. ಅವುಗಳ ನಡುವೆ ‘ಮಲ್ಟಿ ಇನ್‌ಪುಟ್’ ಎಂಬುದು ಒಂದು. ಒಂದೇ ಬಾಲದಿಂದ ಬಂದರೂ ಇದರೊಳಗೆ ಒಂದಕ್ಕಿಂತ ಹೆಚ್ಚು ಜನರಿದ್ದಾರೆ, ಬೇರೆ ಬೇರೆ ಕೂರಿಸು ಎಂಬ ಸೂಚನೆ ಅದು. ಅದರ ಸಂಖ್ಯೆ ಹದಿನಾರರ ಲೆಕ್ಕದಲ್ಲಿ 40, ನಮ್ಮ ಲೆಕ್ಕದಲ್ಲಿ 64. ಎರಡು ಬಾಯಿಯ ಎಷ್ಟೋ ಅಡಾಪ್ಟರುಗಳ ಹೆಸರಿನ ಮುಂದೆ ಈ ಸೂಚನೆ ಆಗಲೇ ಬರೆದಿತ್ತು. ನನ್ನ ಹೆಸರಿಲ್ಲದ ಡಬ್ಬಿಯ ಅಂಕಿ ಮಾತ್ರ ಅದರಲ್ಲಿ ಇರಲಿಲ್ಲ.

ಆ ಪಟ್ಟಿಯನ್ನು ಕಣ್ಣಾಡಿಸುತ್ತಾ ಸ್ವಲ್ಪ ಹೊತ್ತು ಕೆಲಸ ಮರೆತೆ. ಒಂದೊಂದು ಸಾಲಿನ ಹಿಂದೆಯೂ ಯಾವುದೋ ಊರಿನ ಯಾರದೋ ಒಂದು ರಾತ್ರಿ ಇದ್ದಿರಬೇಕು. ಅವರ ಸಾಧನ ಮೊಂಡು ಹಿಡಿದಿತ್ತು, ಅವರು ಕೂತು ಕಾರಣ ಹುಡುಕಿದರು. ತಮ್ಮ ಮನೆಯಲ್ಲಿ ಸರಿಯಾಯಿತೆಂದು ಅಲ್ಲಿಗೇ ಬಿಡದೆ, ಅದೇ ಸಾಧನವನ್ನು ಮುಂದೆಂದಾದರೂ ಚುಚ್ಚುವ ಅಪರಿಚಿತರಿಗಾಗಿ ಎರಡು ಅಂಕಿ, ಒಂದು ಸೂಚನೆ ಬರೆದಿಟ್ಟರು. ಆ ಅಪರಿಚಿತರಿಗೆ ತೊಂದರೆಯಿತ್ತೆಂಬುದೇ ತಿಳಿಯುವುದಿಲ್ಲ, ಚುಚ್ಚುತ್ತಾರೆ, ನಡೆಯುತ್ತದೆ. ದಾರಿಯ ಮುಳ್ಳನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋದವರನ್ನು ಹಿಂದೆ ಬರುವವರು ಕಾಣುವುದೆಲ್ಲಿ?

ಪಟ್ಟಿಯಲ್ಲಿ ಇಲ್ಲದಿದ್ದರೂ ಕಾಯಬೇಕಾಗಿಲ್ಲ, ನಮ್ಮ ಮನೆಯ ಮಟ್ಟಿಗೆ ನಾವೇ ಸೇರಿಸಬಹುದು. ಮಾಡ್‌ಪ್ರೋಬ್ ಕಡತಗಳ ಜಾಗದಲ್ಲಿ ಒಂದು ಸಣ್ಣ ಕಡತ, ಅದರಲ್ಲಿ ಒಂದೇ ಸಾಲು: ಎಚ್‌ಐಡಿ ಸಾಧನಗಳನ್ನು ನೋಡಿಕೊಳ್ಳುವ ಕರ್ನೆಲ್ಲಿನ ಭಾಗವಾದ ಯುಎಸ್‌ಬಿಎಚ್‌ಐಡಿಗೆ ಒಂದು ಆಯ್ಕೆ, ಕ್ವರ್ಕ್ಸ್ ಎಂದರೆ ಇಂಥ ತಯಾರಕರ ಅಂಕಿ, ಇಂಥ ಸಾಮಾನಿನ ಅಂಕಿ, ಆಮೇಲೆ 0ಎಕ್ಸ್40. ಬರೆದು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ. ಏನೂ ಬದಲಾಗಲಿಲ್ಲ, ಇನ್ನೂ ಒಂದೇ ರಿಮೋಟು, 24 ಗುಂಡಿ. ಸಾಲನ್ನು ಮೂರು ಬಾರಿ ಅಕ್ಷರ ಅಕ್ಷರ ಓದಿದೆ, ತಪ್ಪಿರಲಿಲ್ಲ. ಆಮೇಲೆ ನೆನಪಾಯಿತು: ಯಂತ್ರ ಏಳುವಾಗ ಪೂರ್ತಿ ಅಡುಗೆಮನೆ ತೆರೆಯುವ ಮೊದಲು ಒಂದು ಸಣ್ಣ ಬುತ್ತಿ ಬಿಚ್ಚುತ್ತದೆ, ಇನಿಟ್‌ರ್ಯಾಮ್‌ಎಫ್‌ಎಸ್ ಎಂದು ಅದರ ಹೆಸರು. ಕೀಬೋರ್ಡು ಮೊದಲೇ ಬೇಕಾದ್ದರಿಂದ ಯುಎಸ್‌ಬಿಎಚ್‌ಐಡಿ ಆ ಬುತ್ತಿಯಿಂದಲೇ ಬರುತ್ತದೆ. ನನ್ನ ಸಾಲು ಅಡುಗೆಮನೆಯಲ್ಲಿತ್ತು, ಬುತ್ತಿಯಲ್ಲಿರಲಿಲ್ಲ. ಬುತ್ತಿಯನ್ನು ಹೊಸದಾಗಿ ಕಟ್ಟಿಸುವ ಆಜ್ಞೆ ಕೊಟ್ಟು ಮತ್ತೆ ಹಚ್ಚಿದೆ. ಈಗ ಎರಡು. ಜೆಎಸ್0, ಜೆಎಸ್1. ಒಂದೊಂದಕ್ಕೂ ಹನ್ನೆರಡು ಗುಂಡಿ. ರಾತ್ರಿ ಹನ್ನೆರಡೂವರೆಗೆ ಎರಡು ಕೈಯಲ್ಲಿ ಎರಡು ರಿಮೋಟು ಹಿಡಿದು ಎರಡು ಕಿಟಕಿಯಲ್ಲಿ ಅವುಗಳ ಅಂಕಿ ಬೇರೆ ಬೇರೆಯಾಗಿ ಮಿಡಿಯುವುದನ್ನು ನೋಡುತ್ತಾ ಕೂತೆ.

ಉಳಿದದ್ದು ಗುಂಡಿಗಳ ಹೆಸರು. ಇದು ಬಲು ಸೊಗಸಾದ ವಿಷಯ. ಎಕ್ಸ್‌ಬಾಕ್ಸಿನ ರಿಮೋಟಿನಲ್ಲಿ ‘ಎ’ ಕೆಳಗಿದೆ, ನಿಂಟೆಂಡೋದಲ್ಲಿ ‘ಎ’ ಬಲಕ್ಕಿದೆ, ಪ್ಲೇಸ್ಟೇಷನ್ನಿನಲ್ಲಿ ಅಕ್ಷರವೇ ಇಲ್ಲ, ತ್ರಿಕೋನ, ವೃತ್ತ, ಗುಣಿಸು, ಚೌಕ. ಯಾರ ಹೆಸರು ಹಿಡಿದರೂ ಇನ್ನೊಬ್ಬರಿಗೆ ತಪ್ಪಾಗುತ್ತದೆ. ಅದಕ್ಕೇ ಲಿನಕ್ಸ್ ಈ ನಾಲ್ಕು ಗುಂಡಿಗಳಿಗೆ ದಿಕ್ಕುಗಳ ಹೆಸರಿಟ್ಟಿದೆ: ಬಡಗಣ, ಮೂಡಣ, ತೆಂಕಣ, ಪಡುವಣ. ಯಾವ ಕಂಪನಿಯದೂ ಅಲ್ಲದ, ಎಲ್ಲರ ಹೆಬ್ಬೆರಳಿಗೂ ತಿಳಿಯುವ ಹೆಸರು. ಹೊಲದ ಚಕ್ಕುಬಂದಿ ಬರೆಯುವವರು ಇದೇ ಜಾಣತನವನ್ನು ತಲೆಮಾರುಗಳಿಂದ ತೋರಿದ್ದಾರೆ. ಪಕ್ಕದ ಹೊಲದ ಒಡೆಯ ಬದಲಾಗಬಹುದು, ದಿಕ್ಕು ಬದಲಾಗುವುದಿಲ್ಲ.

ಆದರೆ ನನ್ನ ಅಡಾಪ್ಟರ್ ತನ್ನನ್ನು ಗೇಮ್‌ಪ್ಯಾಡ್ ಎಂದು ಹೇಳಿಕೊಳ್ಳದೆ ಜಾಯ್‌ಸ್ಟಿಕ್ ಎಂದು ಹೇಳಿಕೊಂಡಿತ್ತು. ಜಾಯ್‌ಸ್ಟಿಕ್ ಎಂದರೆ ವಿಮಾನದ ಕೋಲು. ಹಾಗಾಗಿ ಕರ್ನೆಲ್ ಅದರ ಗುಂಡಿಗಳಿಗೆ ಕುದುರೆ, ಹೆಬ್ಬೆರಳು, ತುದಿ, ಕಿರುಬೆರಳು, ಬುಡ ಎಂಬ ಹೆಸರು ಕೊಟ್ಟಿತ್ತು. ಅಡಾಪ್ಟರ್ ಎಣಿಸುವ ಕ್ರಮವೂ ಬೇರೆ: ಮೇಲಿನ ತ್ರಿಕೋನ 0, ಬಲದ ವೃತ್ತ 1, ಕೆಳಗಿನ ಗುಣಿಸು 2, ಎಡದ ಚೌಕ 3. ಬೆರಳಿಟ್ಟು ನೋಡಿದರೆ ಅದು ಪ್ರದಕ್ಷಿಣೆ! ಆಟಗಳು ಮೊದಲ ಗುಂಡಿ ಕೆಳಗಿರುತ್ತದೆ ಎಂದುಕೊಳ್ಳುತ್ತವೆ, ಇದು ಗುಡಿ ಸುತ್ತುವ ಕ್ರಮದಲ್ಲಿ ಬಂದಿದೆ. ಬಲಗೋಲಿನದೂ ಇದೇ ಬಗೆಯ ಗೊಂದಲ. ಕೆಲವು ರಿಮೋಟುಗಳು ಬೆರಳಿನಿಂದ ಅದುಮುವ ಟ್ರಿಗರಿಗೆ ಬಳಸುವ ಅಕ್ಷಗಳನ್ನು ಇಂಥ ಅಡಾಪ್ಟರುಗಳು ಬಲಗೋಲಿಗೆ ಕೊಡುತ್ತವೆ. ಕೋಲು ನಡುವೆ ನಿಂತಿದ್ದರೆ ಆಟಕ್ಕೆ ಟ್ರಿಗರ್ ಅರ್ಧ ಅದುಮಿದಂತೆ ಕಾಣುತ್ತದೆ. ಯಾರೂ ಒತ್ತದೆ ಬ್ರೇಕು ಬೀಳುತ್ತದೆ.

ಇದಕ್ಕೂ ಒಂದು ನಿಘಂಟು ಇದೆ. ಸ್ಯಾಮ್ ಲ್ಯಾಂಟಿಂಗಾ 1998ರಲ್ಲಿ ಹೊರತಂದ ಎಸ್‌ಡಿಎಲ್ ಎಂಬ ತಂತ್ರಾಂಶ ಇಂದು ಲೆಕ್ಕವಿಲ್ಲದಷ್ಟು ಆಟಗಳ ತಳಪಾಯ. ಅದಕ್ಕೆ ಒಂದು ರಿಮೋಟಿಗೆ ಒಂದು ಸಾಲಿನಂತೆ ಬರೆದ ದೊಡ್ಡ ಪಟ್ಟಿಯನ್ನು ಕೊಡಬಹುದು. ಮೊದಲು ಸಾಧನದ ಗುರುತಾದ 32 ಅಂಕಿ, ಆಮೇಲೆ ಹೆಸರು, ಆಮೇಲೆ ಅರ್ಥ: ‘ಎ’ ಎಂದರೆ ಎರಡನೆಯ ಸಂಖ್ಯೆಯ ಗುಂಡಿ, ‘ಬಿ’ ಎಂದರೆ ಒಂದನೆಯದು, ‘ಎಕ್ಸ್’ ಎಂದರೆ ಮೂರನೆಯದು, ‘ವೈ’ ಎಂದರೆ ಸೊನ್ನೆಯದು. ಒಂದೊಂದು ಗುಂಡಿಯನ್ನೂ ಒತ್ತಿ, ಸಂಖ್ಯೆ ನೋಡಿ, ನನ್ನ ಡಬ್ಬಿಗೂ ಒಂದು ಸಾಲು ಬರೆದೆ. ಅಣ್ಣನ ಸವೆದ ಕೋಲಿಗಾಗಿ ಹೆಚ್ಚೇನೂ ಮಾಡಬೇಕಾಗಲಿಲ್ಲ. 0ಯಿಂದ 255ರ ಹರವಿನಲ್ಲಿ ನಡುವಿನ ಆಚೀಚೆ 15ರಷ್ಟು ಅಲುಗಾಟವನ್ನು ಕರ್ನೆಲ್ ತಾನೇ ‘ಸಮತಟ್ಟು’ ಎಂದು ಗುರುತು ಮಾಡಿಡುತ್ತದೆ. ಜೆಎಸ್‌ಟೆಸ್ಟಿನಲ್ಲಿ ನೋಡಿದರೆ ಕೋಲು ಸೊನ್ನೆಯಲ್ಲೇ ನಿಂತಿತ್ತು. ಇಷ್ಟು ವರ್ಷ ಆಡಿದ ಕೈಯ ನಡುಕವನ್ನು ಮನ್ನಿಸುವ ಒಂದು ಜಾಗ ಅದರಲ್ಲಿ ಮೊದಲೇ ಇತ್ತು. ಮಲಗುವ ಮುಂಚೆ ಆ ಸಾಲನ್ನು ಎಲ್ಲರೂ ಬಳಸುವ ಪಟ್ಟಿಗೆ ಸೇರಿಸಿರೆಂದು ಕಳಿಸಿದೆ. ನನ್ನಂತೆಯೇ ಹೆಸರಿಲ್ಲದ ಡಬ್ಬಿ ಕೊಂಡ ಇನ್ನೊಬ್ಬರ ಮನೆಯಲ್ಲಿ ಒಂದು ರಾತ್ರಿ ಉಳಿಯಲಿ.

ಹಳೆಯದನ್ನು ಉಳಿಸಿಕೊಳ್ಳುವುದೆಂದರೆ ಕಪಾಟಿನಲ್ಲಿ ಇಟ್ಟುಕೊಳ್ಳುವುದು ಎಂದುಕೊಂಡಿದ್ದೆ. ಅಣ್ಣ ಅಷ್ಟನ್ನು ಮಾಡಿದ್ದ, ಅದು ಸಣ್ಣ ಕೆಲಸವಲ್ಲ. ಆದರೆ ವಸ್ತು ಉಳಿದರೆ ಸಾಲದು, ಅದರ ಮಾತು ಕೇಳಿಸಿಕೊಳ್ಳುವವರೂ ಉಳಿಯಬೇಕು. ಎಷ್ಟೋ ಯಂತ್ರಗಳು ಕೆಟ್ಟು ಹೋಗುವುದಿಲ್ಲ, ಅವುಗಳ ಭಾಷೆ ಬಲ್ಲವರು ಇಲ್ಲವಾಗುತ್ತಾರೆ. ಈ ರಿಮೋಟು ಇಂದಿಗೂ ಸರಿಯಾಗಿಯೇ ಮಾತಾಡುತ್ತಿತ್ತು: ಒತ್ತದ್ದಕ್ಕೆ ಒಂದು, ಒತ್ತಿದ್ದಕ್ಕೆ ಸೊನ್ನೆ. ಕೇಳುವವರ ಕಡೆಯಲ್ಲಿ ಒಂದು ಸಾಲು ಬೇಕಿತ್ತು, ಅಷ್ಟೆ. ಆ ಸಾಲನ್ನು ಬರೆಯಲು ನನ್ನಂಥವಳಿಗೂ ಬಾಗಿಲು ತೆರೆದಿಟ್ಟಿರುವುದೇ ಲಿನಕ್ಸಿನ ಬಗ್ಗೆ ನನಗಿರುವ ಗೌರವದ ಮೂಲ.

ಬೆಳಿಗ್ಗೆ ಎದ್ದ ಮಕ್ಕಳಿಗೆ ಏನನ್ನೂ ವಿವರಿಸಲಿಲ್ಲ. ಮಗ ಗುಂಡಿ ಒತ್ತಿದ, ಒಂದು ಗಾಡಿ ಬಂತು. ಸೊಸೆ ನನ್ನ ಮುಖ ನೋಡಿದಳು. “ಒತ್ತು” ಎಂದೆ. ಒತ್ತಿದಳು. ಪರದೆ ಇಬ್ಭಾಗವಾಗಿ ಕೆಳಗಿನ ಭಾಗದಲ್ಲಿ ಅವಳದೇ ಗಾಡಿ ನಿಂತಿತು. ಕೋಲನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ ನೋಡಿದಳು, ಬಲಕ್ಕೆ ತಿರುಗಿಸಿ ನೋಡಿದಳು. ಅವನ ಗಾಡಿ ಅಲ್ಲಾಡಲಿಲ್ಲ, ಅವಳದು ತಿರುಗಿತು.

ದಾವಣಗೆರೆಯಿಂದ ಅಣ್ಣನ ಫೋನು ಬಂದಾಗ ಮೊದಲ ಪಂದ್ಯ ನಡೆದಿತ್ತು. “ರಿಮೋಟು ಇನ್ನೂ ನಡೀತವೇನಮ್ಮಾ?” ಎಂದ. ಫೋನನ್ನು ಮಕ್ಕಳ ಕಡೆ ಹಿಡಿದೆ. ಕೂಗು, ಟಯರಿನ ಸದ್ದು, ಮತ್ತೆ ಕೂಗು. ಸ್ವಲ್ಪ ಹೊತ್ತು ಅವನೇನೂ ಮಾತಾಡಲಿಲ್ಲ. ಆಮೇಲೆ, “ಬೊಟ್ಟಿಟ್ಟಿದ್ದು ಯಾರ ಕೈಲಿದೆ?” ಎಂದು ಕೇಳಿದ.

ಬೊಟ್ಟಿಟ್ಟದ್ದು ಅವನ ಮಗಳ ಕೈಯಲ್ಲಿತ್ತು. ಆ ಪಂದ್ಯದಲ್ಲಿ ಅವಳು ಸೋತಳು, ತುಂಬ ಹಿಂದೆ ಉಳಿದು ಸೋತಳು. ಆದರೆ ಪಕ್ಕಕ್ಕೆ ಸರಿಯಲಿಲ್ಲ. ರಿಮೋಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, “ಆ ಕೊನೇ ತಿರುವಲ್ಲಿ ನಾನೇ ತಪ್ಪು ಮಾಡಿದ್ದು ಅತ್ತೆ, ಇನ್ನೊಂದಾಟ” ಎಂದಳು.